ಮೈಗಳ್ಳ, ಮುಯ್ಯಾಳು ಮತ್ತು ವ್ಯಾಯಾಮ: ಆರೋಗ್ಯ ವರ್ತನಾ ಸಿದ್ಧಾಂತಗಳ ಒಂದು ಜಾನಪದೀಯ ವಿಮರ್ಶೆ

ಕನ್ನಡ ಜನಪದರ ಮಾತಿನಲ್ಲಿ ದುಡಿಮೆಯಿಂದ ತಪ್ಪಿಸಿಕೊಳ್ಳುವವನನ್ನು ‘ಮೈಗಳ್ಳ’ ಎಂದು ಕರೆಯುವುದುಂಟು. ಪರರ ಒಡವೆಯನ್ನು ಕದ್ದವನು ಕಳ್ಳನಾದರೆ ತನ್ನ ಮೈಯನ್ನೇ ಮರೆಮಾಚಿದವನು ಮೈಗಳ್ಳ. ತನ್ನದನ್ನೇ ತಾನು ಕದಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಈ ಪದದೊಳಗೇ ಇದೆ. ಮೈಯೆಂಬುದು ಒಬ್ಬನ ಸ್ವಂತ ಸೊತ್ತಷ್ಟೇ ಅಲ್ಲ, ಅದರ ಮೇಲೆ ಮನೆಗೂ ಕೇರಿಗೂ ಊರಿಗೂ ಪಾಲಿದೆ ಎಂಬ ತಿಳಿವಳಿಕೆಯಿಂದ ಹುಟ್ಟಿದ ಪದವಿದು. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನೂ ಇದರ ಜೊತೆಗಿಟ್ಟು ನೋಡಬಹುದು. ಈ ಗಾದೆಯ ಪ್ರಕಾರ ಕೂತಿರುವುದರಿಂದ ಕರಗುವುದು ಹೊನ್ನು. ಹೃದಯದ ಮಾತು ಅಲ್ಲಿಲ್ಲ. ಗಾದೆ ಕಟ್ಟಿದವರ ಕಾಲದಲ್ಲಿ ಕೂತಿರುವ ಅವಕಾಶವಿದ್ದವರೇ ಕೆಲವರು. ಅವರ ಮೈಯ ಚಿಂತೆ ಉಳಿದವರಿಗೆ ಇರಲಿಲ್ಲ.

ಇಂದು ಲೆಕ್ಕ ತಿರುಗಿದೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲದ ವಯಸ್ಕರ ಪ್ರಮಾಣ ಭಾರತದಲ್ಲಿ 2000ದಲ್ಲಿ ಶೇಕಡ 22ರಷ್ಟಿದ್ದುದು 2022ರ ವೇಳೆಗೆ ಶೇಕಡ 49ನ್ನು ದಾಟಿತ್ತು. ಮಹಿಳೆಯರಲ್ಲಿ ಇದು ಶೇಕಡ 57, ಪುರುಷರಲ್ಲಿ ಶೇಕಡ 42. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆಯನ್ನು ವಿಧಿಸುತ್ತದೆ. ಚುರುಕಾದ ನಡಿಗೆ ಅದಕ್ಕೆ ಸಾಕು. ವಿಧಿಸುವುದು ಸುಲಭ. ವಿಧಿಸಿದ್ದನ್ನು ಮನುಷ್ಯರು ಏಕೆ ಪಾಲಿಸುವುದಿಲ್ಲ ಎಂಬುದನ್ನು ವಿವರಿಸಲೆಂದೇ ಕಳೆದ ಏಳು ದಶಕಗಳಲ್ಲಿ ಆರೋಗ್ಯ ವರ್ತನಾ ಸಿದ್ಧಾಂತಗಳೆಂಬ ದೊಡ್ಡ ಜ್ಞಾನಶಾಖೆ ಬೆಳೆದುನಿಂತಿದೆ. ಈ ಸಿದ್ಧಾಂತಗಳು ಕಂಡದ್ದೇನು, ಕಾಣದೆ ಬಿಟ್ಟದ್ದೇನು, ಹಾಗೆ ಬಿಟ್ಟುಹೋದದ್ದನ್ನು ಹೇಳಬೇಕಾಗಿದ್ದ ಜಾನಪದ ಅಧ್ಯಯನ ಅದನ್ನು ಹೇಳಿದೆಯೇ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ.

ಸಿದ್ಧಾಂತಗಳ ಹುಟ್ಟಿನ ಸಂದರ್ಭವನ್ನು ಮೊದಲು ಗಮನಿಸಬೇಕು. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯರೋಗ ಪತ್ತೆಗಾಗಿ ಎಕ್ಸ್-ರೇ ಯಂತ್ರಗಳನ್ನು ವಾಹನಗಳಲ್ಲಿಟ್ಟು ಬೀದಿಬೀದಿಗೆ ಕಳಿಸಿದರು. ತಪಾಸಣೆ ಉಚಿತ, ಯಂತ್ರ ಮನೆಯ ಸಮೀಪಕ್ಕೇ ಬಂದಿದೆ. ಆದರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಇದೇಕೆಂದು ವಿಚಾರಿಸಿದ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಸಾಮಾಜಿಕ ಮನೋವಿಜ್ಞಾನಿಗಳು ರೂಪಿಸಿದ್ದೇ ಆರೋಗ್ಯ ನಂಬಿಕೆಯ ಮಾದರಿ. ರೋಗ ತನಗೆ ಬಂದೀತೆಂಬ ಭಾವನೆ, ಬಂದರೆ ಅದು ಗಂಭೀರವೆಂಬ ಭಾವನೆ, ಮಾಡಬೇಕಾದ ಕೆಲಸದಿಂದ ಪ್ರಯೋಜನವಿದೆಯೆಂಬ ಎಣಿಕೆ, ಅದಕ್ಕಿರುವ ಅಡೆತಡೆಗಳ ಎಣಿಕೆ, ಕೊನೆಗೆ ಮನುಷ್ಯನನ್ನು ಎಬ್ಬಿಸಿ ಕಳಿಸುವ ಒಂದು ಸೂಚನೆ ಎಂಬ ಈ ಅಂಶಗಳ ತೂಗುವಿಕೆಯಿಂದ ವ್ಯಕ್ತಿ ತೀರ್ಮಾನಕ್ಕೆ ಬರುತ್ತಾನೆಂಬುದು ಇದರ ಸಾರ. ಎಕ್ಸ್-ರೇ ವಾಹನವನ್ನು ಹತ್ತಿ ಇಳಿಯುವುದು ಜೀವಮಾನದಲ್ಲಿ ಒಂದೆರಡು ಸಲ ಮಾಡುವ ಕೆಲಸ. ಅದಕ್ಕಾಗಿ ಕಟ್ಟಿದ ತಕ್ಕಡಿಯನ್ನೇ ಮುಂದೆ ದಿನನಿತ್ಯದ ನಡಿಗೆಗೂ ಅನ್ವಯಿಸಲಾಯಿತು. ಪ್ರತಿ ಮುಂಜಾನೆಯೂ ಹೃದ್ರೋಗದ ಭಯವನ್ನು ನೆನೆದು, ಲಾಭನಷ್ಟ ತೂಗಿ, ಬಳಿಕ ಚಪ್ಪಲಿ ಮೆಟ್ಟುವ ಮನುಷ್ಯ ಪುಸ್ತಕದಲ್ಲಿ ಮಾತ್ರ ಸಿಕ್ಕಾನು.

ಈ ಕೊರತೆಯನ್ನು ನಂತರ ಬಂದವರು ಬಲ್ಲರು. ಧೂಮಪಾನ ಬಿಡುವವರನ್ನು ಅಧ್ಯಯನ ಮಾಡಿದ ಪ್ರೊಚಾಸ್ಕ ಮತ್ತು ಡಿಕ್ಲಿಮೆಂಟಿ 1983ರಲ್ಲಿ ಬದಲಾವಣೆಯನ್ನು ಹಂತಗಳಾಗಿ ವಿಂಗಡಿಸಿದರು. ಬದಲಾಗಬೇಕೆಂಬ ಯೋಚನೆಯೇ ಇಲ್ಲದ ಹಂತ, ಯೋಚಿಸುತ್ತಿರುವ ಹಂತ, ಸಿದ್ಧತೆ, ಕ್ರಿಯೆ, ಆರು ತಿಂಗಳು ದಾಟಿದ ಮೇಲಿನ ನಿರ್ವಹಣೆ ಎಂಬ ಈ ಮೆಟ್ಟಿಲುಗಳನ್ನು 1990ರ ದಶಕದ ಆರಂಭದಲ್ಲಿ ಬೆಸ್ ಮಾರ್ಕಸ್ ಮತ್ತವರ ಸಂಗಡಿಗರು ವ್ಯಾಯಾಮಕ್ಕೆ ಹೊಂದಿಸಿದರು. ಐಜೆನ್ನರ ಯೋಜಿತ ವರ್ತನೆಯ ಸಿದ್ಧಾಂತ ಸಂಕಲ್ಪವನ್ನು ಕೇಂದ್ರಕ್ಕೆ ತಂದಿತು. ಡೆಸಿ ಮತ್ತು ರಯಾನರ ಸ್ವನಿರ್ಧಾರ ಸಿದ್ಧಾಂತ ಸ್ವಾಯತ್ತತೆ, ಸಾಮರ್ಥ್ಯ, ಸಂಬಂಧ ಎಂಬ ಮೂರು ಮೂಲ ಅಗತ್ಯಗಳನ್ನು ಹೆಸರಿಸಿತು. ಇವುಗಳಲ್ಲೆಲ್ಲ ಹೆಚ್ಚು ಉಪಯುಕ್ತವೆನಿಸಿದ್ದು 1977ರಲ್ಲಿ ಬಂಡೂರ ಮಂಡಿಸಿದ ಸ್ವಸಾಮರ್ಥ್ಯದ ಪರಿಕಲ್ಪನೆ: ‘ಇದು ನನ್ನಿಂದಾದೀತು’ ಎಂಬ ನಂಬಿಕೆ ಇದ್ದವನು ತೊಡಗುತ್ತಾನೆ, ಅಡ್ಡಿ ಬಂದರೂ ಮುಂದುವರಿಯುತ್ತಾನೆ.

ಈ ಎಲ್ಲ ಸಿದ್ಧಾಂತಗಳನ್ನು ಕಾಡಿದ ಸಂಗತಿಯೊಂದಿದೆ. ವ್ಯಾಯಾಮ ಮಾಡಬೇಕೆಂದು ಸಂಕಲ್ಪಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ನಡೆಸುವುದಿಲ್ಲ. ಮಾರ್ಗದರ್ಶನವಿರುವ ವ್ಯಾಯಾಮ ಕಾರ್ಯಕ್ರಮಗಳಿಗೆ ಸೇರಿದವರಲ್ಲಿಯೂ ಆರು ತಿಂಗಳೊಳಗೆ ಅರ್ಧದಷ್ಟು ಮಂದಿ ಬಿಟ್ಟುಬಿಡುತ್ತಾರೆಂಬುದನ್ನು ಡಿಶ್‌ಮನ್ 1980ರ ದಶಕದಲ್ಲಿಯೇ ತೋರಿಸಿದ್ದರು. ಸಂಕಲ್ಪಕ್ಕೂ ಕ್ರಿಯೆಗೂ ನಡುವಿನ ಈ ಕಂದರವನ್ನು ದಾಟಿಸಲು ಜರ್ಮನಿಯ ಗೋಲ್‌ವಿಟ್ಸರ್ ಒಂದು ಉಪಾಯ ಸೂಚಿಸಿದರು. ‘ವ್ಯಾಯಾಮ ಮಾಡುತ್ತೇನೆ’ ಎಂದರೆ ಸಾಲದು. ಎಂದು, ಎಲ್ಲಿ, ಯಾವ ಸಂದರ್ಭ ಒದಗಿದೊಡನೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈ ಉಪಾಯ ತಕ್ಕಮಟ್ಟಿಗೆ ಫಲ ಕೊಟ್ಟಿದೆ.

ಜಾನಪದ ವಿದ್ಯಾರ್ಥಿಗೆ ಇಲ್ಲಿ ತಟ್ಟನೆ ನೆನಪಾಗುವುದು ಹರಕೆ. ಮಗುವಿನ ಕಾಯಿಲೆ ವಾಸಿಯಾದರೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಬರುತ್ತೇನೆಂದು ಹೊತ್ತ ಹರಕೆಯಲ್ಲಿ ಷರತ್ತಿದೆ, ಜಾಗವಿದೆ, ಕಾಲವಿದೆ. ಗೋಲ್‌ವಿಟ್ಸರ್ ಹೇಳಿದ್ದೆಲ್ಲವೂ ಇದೆ. ಅವರು ಹೇಳದ ಎರಡು ಸಂಗತಿಗಳೂ ಇವೆ. ಹರಕೆಗೆ ಸಾಕ್ಷಿಗಳಿದ್ದಾರೆ, ಹರಕೆ ಬಾಕಿ ಉಳಿಯುತ್ತದೆ. ತೀರಿಸದ ಹರಕೆ ತಾನಾಗಿ ರದ್ದಾಗುವುದಿಲ್ಲ; ಮನೆಯಲ್ಲಿ ಮತ್ತೊಂದು ಕೇಡು ಸಂಭವಿಸಿದಾಗ ಹಿರಿಯರು ಅದನ್ನು ಎತ್ತಿ ಆಡುತ್ತಾರೆ, ಕೆಲವೊಮ್ಮೆ ತಂದೆ ಹೊತ್ತದ್ದನ್ನು ಮಗ ತೀರಿಸುತ್ತಾನೆ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೂ ಶಿವರಾತ್ರಿಗೆ ಬೆಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೂ ನಡೆದುಹೋಗುವವರ ಸಾಲಿನಲ್ಲಿ ವರ್ಷವಿಡೀ ಕುರ್ಚಿ ಬಿಟ್ಟೇಳದ ಗುಮಾಸ್ತರೂ ವ್ಯಾಪಾರಿಗಳೂ ಇರುತ್ತಾರೆ. ಪಾದದಲ್ಲಿ ಬೊಬ್ಬೆಯೆದ್ದರೂ ನಡೆಯುತ್ತಾರೆ. ಸಿದ್ಧಾಂತದ ಪರಿಭಾಷೆಯಲ್ಲಿ ಇವರು ‘ಯೋಚನೆಯೇ ಇಲ್ಲದ ಹಂತ’ದವರು.

ಆದರೆ ಹೋಲಿಕೆಯನ್ನು ಎಳೆದಾಡಬಾರದು. ಹರಕೆ ತೀರಿದೊಡನೆ ಮುಗಿಯುತ್ತದೆ, ಮುಗಿಯುವುದೇ ಅದರ ಉದ್ದೇಶ. ವರ್ಷಕ್ಕೊಮ್ಮೆ ನೂರಾರು ಕಿಲೋಮೀಟರು ನಡೆದು ಉಳಿದ ದಿನ ಕೂತಿರುವವನಿಗೆ ವೈದ್ಯರು ಹೇಳುವ ಪ್ರಯೋಜನ ಸಿಗದು. ಅಭ್ಯಾಸವಿಲ್ಲದ ಮೈಗೆ ಅಂಥ ನಡಿಗೆ ಅಪಾಯಕ್ಕೂ ದಾರಿಯಾದೀತು. ಜನಪದರಲ್ಲಿ ಎಲ್ಲಕ್ಕೂ ಮದ್ದಿದೆಯೆಂದು ಸಾರುವ ಲೇಖನಗಳ ಸಾಲಿಗೆ ಹರಕೆಯನ್ನು ಸೇರಿಸುವ ಮುನ್ನ ಇಷ್ಟನ್ನು ಒಪ್ಪಿಕೊಳ್ಳಬೇಕು.

ನಿತ್ಯದ ಅಭ್ಯಾಸಕ್ಕೆ ಹತ್ತಿರವಾದದ್ದು ಗರಡಿಮನೆ. ಮಲ್ಲವಿದ್ಯೆಗೆ ಈ ನಾಡಿನಲ್ಲಿ ದೀರ್ಘ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವೇ ಮೀಸಲಾಗಿದೆ. ಮೈಸೂರಿನ ಹಳೆಯ ಬೀದಿಗಳ ಗರಡಿಗಳಲ್ಲಿ ಕೆಮ್ಮಣ್ಣಿನ ಮಟ್ಟಿ, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆಗಳು ಇಂದಿಗೂ ಕಾಣಸಿಗುತ್ತವೆ. ಮಟ್ಟಿಗೆ ಪೂಜೆಯಾಗುತ್ತದೆ. ಬಂದವನು ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಇಳಿಯುತ್ತಾನೆ. ದಂಡೆ, ಬಸ್ಕಿ, ಗದೆ ತಿರುಗಿಸುವುದು, ಆಮೇಲೆ ಪಟ್ಟುಗಳ ಅಭ್ಯಾಸ. ಬಂಡೂರ ಸ್ವಸಾಮರ್ಥ್ಯಕ್ಕೆ ನಾಲ್ಕು ಮೂಲಗಳನ್ನು ಹೇಳುತ್ತಾರೆ: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವನೊಬ್ಬ ಮಾಡಿದ್ದನ್ನು ಕಂಡ ಅನುಭವ, ಪರರ ಹುರಿದುಂಬಿಸುವ ಮಾತು, ತನ್ನ ಮೈ ಕೊಡುವ ಸೂಚನೆಗಳನ್ನು ಅರ್ಥಮಾಡಿಕೊಳ್ಳುವ ಬಗೆ. ಗರಡಿಯಲ್ಲಿ ಈ ನಾಲ್ಕೂ ಪಾಠದ ಹೆಸರಿಲ್ಲದೆ ನಡೆಯುತ್ತವೆ. ಸಣ್ಣ ಗದೆ ಕೈಗೆ ಒಗ್ಗಿದ ಮೇಲೆಯೇ ದೊಡ್ಡದು. ಎಳೆಯನ ಪಕ್ಕದಲ್ಲೇ ಅವನಿಗಿಂತ ತುಸು ಮುಂದಿರುವ ಬೀದಿಯ ಹುಡುಗ. ಮೈನೋವು ಬಂದರೆ ಅದು ರೋಗವಲ್ಲ, ಸಾಮು ಮೈಗೆ ಹತ್ತುತ್ತಿರುವ ಗುರುತು ಎಂದು ವ್ಯಾಖ್ಯಾನಿಸಲು ಉಸ್ತಾದ.

ಇದಕ್ಕಿಂತ ಮುಖ್ಯವಾದದ್ದು ಕುಸ್ತಿಯ ‘ಜೋಡಿ ಕಟ್ಟುವ’ ಪದ್ಧತಿ. ಮೈಸೂರು ದಸರೆಯ ಕುಸ್ತಿಗೆ ಮೊದಲು ಪೈಲ್ವಾನರನ್ನು ಬಹಿರಂಗವಾಗಿ ನಿಲ್ಲಿಸಿ ಎತ್ತರ, ತೂಕ, ಅನುಭವಗಳನ್ನು ನೋಡಿ ಯಾರಿಗೆ ಯಾರು ಎಂದು ಗೊತ್ತುಮಾಡುತ್ತಾರೆ. ಅಂದಿನಿಂದ ಅವನ ಬೆಳಗಿನ ಸಾಮು ಅವನೊಬ್ಬನದಲ್ಲ. ಗರಡಿಯ ಮಾನ ಅದಕ್ಕೆ ಅಂಟಿಕೊಳ್ಳುತ್ತದೆ. ಒಂದು ದಿನ ತಪ್ಪಿಸಿದರೆ ಕೇಳುವವರಿದ್ದಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವನ ಅಭ್ಯಾಸಕ್ಕೂ ಊರಿನ ಕಣ್ಣೇ ಕಾವಲು. ಆರೋಗ್ಯ ಇಲ್ಲೆಲ್ಲಿಯೂ ಗುರಿಯಲ್ಲ. ಪೈಲ್ವಾನನಿಗೆ ಬೇಕಾದದ್ದು ಗೆಲುವು, ಹೆಸರು, ಊರಿನ ಮೆಚ್ಚುಗೆ. ಆರೋಗ್ಯ ಅದರ ಹಿಂದೆ ಬಂದರೆ ಬಂತು. ಗರಡಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಹೆಂಗಸರಿಗೆ ಅದು ಮುಚ್ಚಿದ ಬಾಗಿಲೇ ಆಗಿತ್ತು. ಪ್ರಾಯ ಕಳೆದವನು ಮಟ್ಟಿಯ ಅಂಚಿನಲ್ಲಿ ಕೂತು ನೋಡುವವನಾಗುತ್ತಿದ್ದ. ಇಂದು ವ್ಯಾಯಾಮ ಹೆಚ್ಚು ಬೇಕಾಗಿರುವುದು ಈ ಎರಡು ವರ್ಗಗಳಿಗೇ.

ಹೆಂಗಸರ ಮಾತು ಬಂದೊಡನೆ ಬೀಸುಕಲ್ಲಿನ ಪ್ರಸ್ತಾಪ ಬರುತ್ತದೆ. ಅಜ್ಜಿಯರು ಬೀಸಿದರು, ಕುಟ್ಟಿದರು, ನೀರು ಸೇದಿದರು, ಅವರಿಗೆ ಸಕ್ಕರೆ ಕಾಯಿಲೆ ಬರಲಿಲ್ಲ ಎಂಬ ಮಾತು ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಪದೇಪದೇ ಕೇಳಿಬರುತ್ತದೆ. ಜಾನಪದದ ಹೆಸರಿನಲ್ಲಿ ಆಡಲಾಗುವ ಅತ್ಯಂತ ಬೇಜವಾಬ್ದಾರಿಯ ಮಾತುಗಳಲ್ಲಿ ಇದೊಂದು. ಬೀಸುವ ಪದಗಳಲ್ಲಿ ಕಲ್ಲಿನ ಸ್ತುತಿ ಇರುವಂತೆ ತೋಳಿನ ನೋವೂ ಇದೆ, ನಿದ್ದೆಗೆಟ್ಟ ಕಣ್ಣೂ ಇದೆ, ತವರಿನ ಹಂಬಲವೂ ಇದೆ. ಕೋಳಿ ಕೂಗುವ ಮುನ್ನ ಎದ್ದು ಬೀಸಬೇಕಾಗಿದ್ದವಳು ಹಿಟ್ಟಿನ ಗಿರಣಿ ಬಂದಾಗ ಅದನ್ನು ಕೇಡೆಂದು ಬಗೆಯಲಿಲ್ಲ. ದುಡಿಮೆಯ ಶ್ರಮವೂ ಬಿಡುವಿನ ವ್ಯಾಯಾಮವೂ ಮೈಗೆ ಒಂದೇ ಅಲ್ಲವೆಂಬುದನ್ನು ಇತ್ತೀಚಿನ ವೈದ್ಯಕೀಯ ಸಂಶೋಧನೆಯೂ ಹೇಳುತ್ತದೆ. ಜೆರ್ರಿ ಮಾರಿಸ್ 1953ರಲ್ಲಿ ಲಂಡನ್ನಿನ ಬಸ್ಸುಗಳನ್ನು ಅಧ್ಯಯನ ಮಾಡಿ, ಕೂತೇ ಇರುವ ಚಾಲಕರಿಗಿಂತ ಮಹಡಿ ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಮೆಯೆಂದು ತೋರಿಸಿದ್ದು ಈ ಕ್ಷೇತ್ರದ ಮೊದಲ ದೊಡ್ಡ ಮೈಲಿಗಲ್ಲು. (ಮುಂದೆ ಅದೇ ಮಾರಿಸ್ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದಾಗ ಚಾಲಕರ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಹೆಚ್ಚಿತ್ತೆಂಬುದೂ ತಿಳಿಯಿತು, ತನ್ನ ತೀರ್ಮಾನವನ್ನು ತಾನೇ ಹೀಗೆ ಪರೀಕ್ಷೆಗೊಡ್ಡುವ ವಿದ್ವಾಂಸರು ಯಾವ ಶಿಸ್ತಿನಲ್ಲಿಯೂ ಕಡಮೆ.) ಆದರೆ 2018ರಲ್ಲಿ ಕೂನೆನ್ ಮತ್ತವರ ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಉದ್ಯೋಗದಲ್ಲಿ ಅತಿ ಹೆಚ್ಚು ದೈಹಿಕ ಶ್ರಮವಿರುವ ಗಂಡಸರಲ್ಲಿ ಅಕಾಲ ಮರಣದ ಸಂಭವ ಶೇಕಡ 18ರಷ್ಟು ಹೆಚ್ಚೆಂದು ಕಂಡುಬಂತು. ವಿಶ್ರಾಂತಿಯಿಲ್ಲದ, ಆಯ್ಕೆಯಿಲ್ಲದ, ಹೊಟ್ಟೆ ತುಂಬದ ಶ್ರಮ ಬಸ್ಕಿ ಹೊಡೆದಂತಲ್ಲ.

ಇಲ್ಲಿ ಜಾನಪದ ಅಧ್ಯಯನದ ಕೊರತೆಯನ್ನೂ ಹೇಳಬೇಕು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಂದಿನಿಂದ ಕನ್ನಡದಲ್ಲಿ ಬೀಸುವ ಕುಟ್ಟುವ ಪದಗಳ ಸಂಗ್ರಹಗಳು ಬಹಳ ಬಂದಿವೆ. ಅವುಗಳ ಛಂದಸ್ಸು, ಕಾವ್ಯಗುಣ, ಹೆಣ್ಣಿನ ಅಂತರಂಗ ಎಲ್ಲವೂ ಚರ್ಚೆಗೊಳಗಾಗಿವೆ. ಹಾಡುವಾಗ ಎಷ್ಟು ಸೇರು ಜೋಳ ಬೀಸಲಾಯಿತು, ಎಷ್ಟು ಹೊತ್ತು ಹಿಡಿಯಿತು, ಗೂಟಕ್ಕೆ ಒಬ್ಬರ ಕೈಯೋ ಇಬ್ಬರ ಕೈಯೋ, ಎದುರು ಕೂತವಳು ಯಾರು, ಮಾರನೆಯ ದಿನ ಇವಳು ಅವಳ ಮನೆಗೆ ಬೀಸಲು ಹೋದಳೇ ಎಂಬ ವಿವರಗಳು ಬಹುತೇಕ ಸಂಗ್ರಹಗಳಲ್ಲಿಲ್ಲ. ಪದವನ್ನು ಬರೆದುಕೊಂಡವರು ಕೈಯನ್ನು ಬರೆದುಕೊಳ್ಳಲಿಲ್ಲ. ಆದ್ದರಿಂದಲೇ ಇಂದು ಅಜ್ಜಿಯ ಆರೋಗ್ಯದ ಬಗೆಗೆ ಯಾರು ಏನು ಬೇಕಾದರೂ ಹೇಳಬಹುದಾಗಿದೆ.

ಕೈಬಿಟ್ಟ ಈ ವಿವರಗಳಲ್ಲಿ ಕೊನೆಯದು ಈ ಚರ್ಚೆಗೆ ಕೇಂದ್ರವಾದದ್ದು. ನಮ್ಮ ಒಕ್ಕಲುತನದಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯಿದೆ. ಇಂದು ಅವನ ಹೊಲಕ್ಕೆ ಇವನು ನಾಟಿಗೋ ಕೊಯ್ಲಿಗೋ ಹೋಗುತ್ತಾನೆ, ನಾಳೆ ಇವನ ಹೊಲಕ್ಕೆ ಅವನು ಬರುತ್ತಾನೆ. ಕೂಲಿಯಿಲ್ಲ, ಮೈಗೆ ಮೈ. ಮದುವೆಯಲ್ಲಿ ಇಟ್ಟ ಮುಯ್ಯಿಯಂತೆ ಇದೂ ಹಿಂದಿರುಗಲೇಬೇಕಾದ ಋಣ. ಮುಯ್ಯಾಳಾಗಿ ಹೋಗಬೇಕಾದವನು ಆ ಬೆಳಗ್ಗೆ ತನಗೆ ಹುಮ್ಮಸ್ಸಿದೆಯೇ ಎಂದು ಪರೀಕ್ಷಿಸಿಕೊಳ್ಳುವುದಿಲ್ಲ, ಹೋಗುತ್ತಾನೆ. ವರ್ತನಾ ಸಿದ್ಧಾಂತಗಳು ಈ ಅಂಶವನ್ನು ಪೂರ್ತಿ ಕಾಣಲಿಲ್ಲವೆಂದಲ್ಲ. ಐಜೆನ್ನರ ಮಾದರಿಯಲ್ಲಿ ಆತ್ಮೀಯರ ನಿರೀಕ್ಷೆ ಎಂಬ ಅಂಶಕ್ಕೆ ಸ್ಥಾನವಿದೆ. ಆದರೆ 2001ರಲ್ಲಿ ಆರ್ಮಿಟೇಜ್ ಮತ್ತು ಕಾನರ್ ನಡೆಸಿದ ಸಮೀಕ್ಷೆಯಲ್ಲಿ ಸಂಕಲ್ಪವನ್ನು ಮುನ್ಸೂಚಿಸುವಲ್ಲಿ ಅತ್ಯಂತ ದುರ್ಬಲವಾಗಿ ಕಂಡದ್ದು ಇದೇ ಅಂಶ. ಇದರ ಅಳತೆಯ ರೀತಿಯೇ ಸಂಶಯಾಸ್ಪದ. ‘ನಿಮಗೆ ಮುಖ್ಯರಾದವರು ನೀವು ವ್ಯಾಯಾಮ ಮಾಡಬೇಕೆಂದು ಬಯಸುತ್ತಾರೆಯೇ’ ಎಂದು ಕೇಳಿದರೆ ಹೆಂಡತಿ ಬಯಸುತ್ತಾಳೆ, ಮಗಳು ಬಯಸುತ್ತಾಳೆ, ವೈದ್ಯರು ಬಯಸುತ್ತಾರೆ ಎಂಬ ಉತ್ತರ ಬಂದೀತು. ಬಯಕೆ ಋಣವಲ್ಲ. ಬಯಸುವವರು ಮೇಲಿನಿಂದಲೋ ಹೊರಗಿನಿಂದಲೋ ನೋಡುತ್ತಿರುತ್ತಾರೆ. ಮುಯ್ಯಾಳು ಪಕ್ಕದ ಸಾಲಿನಲ್ಲಿ ಬಗ್ಗಿರುತ್ತಾನೆ.

ಮೈಗಳ್ಳ ಎಂಬ ಪದಕ್ಕೆ ಈಗ ಮರಳಬಹುದು. ಆ ಪದದ ಇನ್ನೊಂದು ಮುಖವೂ ಇದೆ. ಅದು ಸಾಮಾನ್ಯವಾಗಿ ಕೆಳಮುಖವಾಗಿ ಹರಿಯುವ ಬೈಗುಳ: ಒಡೆಯ ಆಳಿಗೆ, ಅತ್ತೆ ಸೊಸೆಗೆ, ಮೇಸ್ತ್ರಿ ಕೂಲಿಗೆ. ಮುಯ್ಯಾಳು ಸಮಾನರ ನಡುವಿನ ಮಾತು. ಹೊಲವಿಲ್ಲದವನಿಗೆ ಮುಯ್ಯಾಳಿನ ಭಾಗ್ಯವೂ ಇಲ್ಲ. ಅವನ ಪಾಲಿಗೆ ಕೂಲಿ ಇಲ್ಲವೆ ಜೀತ. ಆರೋಗ್ಯ ವರ್ತನಾ ಸಿದ್ಧಾಂತಗಳು ವಿಶ್ವವಿದ್ಯಾಲಯದ ಹೊಸ್ತಿಲು ದಾಟಿ ಕಾರ್ಯಕ್ರಮಗಳಾದಾಗ ಅವುಗಳ ಭಾಷೆ ಮೈಗಳ್ಳ ಎಂಬ ಮಾತಿನ ಕಡೆಗೇ ಜಾರುವುದನ್ನು ಕಾಣಬಹುದು. ಪ್ರೇರಣೆ ಸಾಲದು, ಅರಿವು ಸಾಲದು, ಇನ್ನೂ ಮೊದಲ ಹಂತದಲ್ಲಿದ್ದಾರೆ ಎಂಬ ವರದಿಗಳು ಬೈಗುಳವನ್ನು ಸಭ್ಯಗೊಳಿಸಿವೆಯೇ ಹೊರತು ಅದರ ದಿಕ್ಕನ್ನು ಬದಲಿಸಿಲ್ಲ. ‘ಗ್ರಹಿಸಿದ ಅಡೆತಡೆ’ ಎಂಬ ಪರಿಭಾಷೆಯನ್ನೇ ನೋಡಬಹುದು. ಬೀದಿಯಲ್ಲಿ ಕಾಲುದಾರಿ ಇಲ್ಲದಿರುವುದು, ಕತ್ತಲಾದ ಮೇಲೆ ದೀಪವಿಲ್ಲದಿರುವುದು, ಸೀರೆಯುಟ್ಟ ನಡುವಯಸ್ಸಿನವಳು ಓಡಿದರೆ ನಗುವ ಕೇರಿ, ಇವು ಅವಳ ಗ್ರಹಿಕೆಗಳಲ್ಲ. 2011ರಲ್ಲಿ ಸೂಸನ್ ಮಿಚಿ ಮತ್ತು ಸಂಗಡಿಗರು ಸಾಮರ್ಥ್ಯ, ಅವಕಾಶ, ಪ್ರೇರಣೆ ಈ ಮೂರೂ ಕೂಡಿದರೆ ಮಾತ್ರ ವರ್ತನೆ ಎಂದು ನಿರೂಪಿಸಿ ಅವಕಾಶಕ್ಕೆ ಅದರ ಸ್ಥಾನ ಕೊಟ್ಟದ್ದು ಈ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಕಾರ್ಯಕ್ರಮಗಳಲ್ಲಿ ಅಗ್ಗವಾಗಿ ಸಿಗುವುದು ಪ್ರೇರಣೆಯ ಭಿತ್ತಿಪತ್ರವೇ ಆದ್ದರಿಂದ ಉಳಿದೆರಡು ಹಿಂದೆ ಬೀಳುತ್ತವೆ.

ಹಾಗಾದರೆ ಸಿದ್ಧಾಂತಕ್ಕೆ ಸ್ಥಳೀಯ ಸಂಸ್ಕೃತಿಯನ್ನು ಬೆರೆಸಿದರೆ ಸಾಕೇ? ಈ ಪ್ರಶ್ನೆಗೆ ಅಮೆರಿಕದ ಷಿಕಾಗೋ ಪ್ರದೇಶದಲ್ಲಿ ದಕ್ಷಿಣ ಏಷ್ಯಾ ಮೂಲದವರ ನಡುವೆ ನಡೆದ ‘ಸಹೇಲಿ’ ಎಂಬ ಪ್ರಯೋಗ ಎಚ್ಚರಿಕೆಯ ಉತ್ತರ ಕೊಡುತ್ತದೆ. ಸಮುದಾಯದ ಸಂಸ್ಕೃತಿಗೆ ಹೊಂದಿಸಿದ ಗುಂಪು ಪಾಠಗಳಿದ್ದ ಈ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡಬಲ್ಲೆವೆಂಬ ನಂಬಿಕೆ ಪಾಲ್ಗೊಂಡವರಲ್ಲಿ ಹೆಚ್ಚಿತು. ಆದರೆ ತೂಕ, ರಕ್ತದೊತ್ತಡ, ರಕ್ತದ ಸಕ್ಕರೆಗಳಲ್ಲಿ, ಬರಿಯ ಮುದ್ರಿತ ಮಾಹಿತಿ ಪಡೆದ ಗುಂಪಿಗೂ ಇವರಿಗೂ ವರ್ಷದ ಕೊನೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಿದ್ಧಾಂತ ಅಳೆಯುವ ಮನಸ್ಸು ಬದಲಾಯಿತು, ವೈದ್ಯರು ಅಳೆಯುವ ಮೈ ಹಾಗೆಯೇ ಉಳಿಯಿತು. ಒಂದು ಪ್ರಯೋಗದಿಂದ ಇಡೀ ಮಾರ್ಗವನ್ನು ತಳ್ಳಿಹಾಕುವುದು ಅವಸರವಾದೀತು. ಆದರೆ ಸಂಸ್ಕೃತಿಯನ್ನು ಲೇಪದಂತೆ ಬಳಿದರೆ ಸಾಲದೆಂಬುದಕ್ಕೆ ಇದು ನಿದರ್ಶನ.

ಕನ್ನಡದ ಅನ್ವಯಿಕ ಜಾನಪದಕ್ಕೆ ಈ ಲೇಪದ ಅಭ್ಯಾಸ ಹಳೆಯದು. 1990ರ ದಶಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳಿಂದ ಹಿಡಿದು ಆರೋಗ್ಯ ಪ್ರಚಾರದವರೆಗೆ ಜನಪದ ಮಟ್ಟನ್ನು ಉಳಿಸಿಕೊಂಡು ಸೊಲ್ಲನ್ನು ಬದಲಿಸುವ ಕ್ರಮ ರೂಢಿಯಾಯಿತು. ಸಂದೇಶ ಹೊಸದು, ಚೀಲ ಹಳೆಯದು. ವ್ಯಾಯಾಮದ ವಿಷಯದಲ್ಲಿ ಈ ಕ್ರಮ ಮತ್ತೊಂದು ರೂಪ ತಾಳಬಹುದು: ಡೊಳ್ಳು, ಬೀಸು ಕಂಸಾಳೆ, ಕೋಲಾಟ, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತಗಳನ್ನು ಅರ್ಧ ಗಂಟೆಯ ಕಸರತ್ತಿನ ತುಣುಕುಗಳಾಗಿ ಕತ್ತರಿಸಿ ಬಳಸುವುದು. ಭಾರವಾದ ಡೊಳ್ಳನ್ನು ಹೊತ್ತು ಕುಣಿಯುವುದು ಎಂಥವರನ್ನೂ ಬೆವರಿಸುವ ಶ್ರಮವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಡೊಳ್ಳು ಹಾಲುಮತದವರಿಗೆ ಬೀರೇಶ್ವರನ ಸೇವೆ. ಕಂಸಾಳೆ ಮಾದಪ್ಪನ ದೀಕ್ಷೆ ಪಡೆದ ದೇವರಗುಡ್ಡರ ಕೈಯ ವಸ್ತು. ಇವನ್ನು ಮುಟ್ಟಲೇಬಾರದೆಂಬ ಮಡಿವಂತಿಕೆ ಬೇಕಿಲ್ಲ. ಇತ್ತೀಚಿನ ದಶಕಗಳಲ್ಲಿ ಮಹಿಳೆಯರ ಡೊಳ್ಳಿನ ತಂಡಗಳು ಹುಟ್ಟಿ, ಗಂಡಸರದೆಂದು ಗೊತ್ತಾಗಿದ್ದ ಕಲೆಯನ್ನು ತಮ್ಮದಾಗಿಸಿಕೊಂಡಿವೆ. ಆ ತಂಡಗಳು ನಿಂತಿರುವುದು ಡೊಳ್ಳಿನ ಬಲದಿಂದಷ್ಟೇ ಅಲ್ಲ. ಹನ್ನೆರಡು ಮಂದಿಯ ಕುಣಿತದಲ್ಲಿ ಒಬ್ಬಳು ಬಾರದಿದ್ದರೆ ಸಾಲು ಮುರಿಯುತ್ತದೆ, ಉಳಿದ ಹನ್ನೊಂದು ಮಂದಿಯ ಅಭ್ಯಾಸ ಕೆಡುತ್ತದೆ. ಎರವಲು ಪಡೆಯಬೇಕಾದದ್ದೇನಾದರೂ ಇದ್ದರೆ ಈ ಮುಯ್ಯಿಯನ್ನು. ಕುಣಿತದ ಹೆಜ್ಜೆ ಅದರ ನಂತರದ್ದು.

ಹಳೆಯ ಕಲೆಗಳಲ್ಲಿಯೇ ಇದನ್ನು ಹುಡುಕಬೇಕೆಂದೂ ಇಲ್ಲ. ಯಾವುದಾದರೂ ಒಂದು ಸಮಾನ ಅಂಶದಿಂದ ಒಂದುಗೂಡಿದ ಯಾವ ಗುಂಪೂ ಜನಪದವೇ ಎಂದು ಅಲನ್ ಡಂಡೆಸ್ ಹೇಳಿದ ಮಾತು ಕನ್ನಡ ವಿದ್ವಾಂಸರಿಗೆ ಪರಿಚಿತ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಮುಂಜಾನೆ ನಡೆಯುವ ಗುಂಪುಗಳು ಈ ಅರ್ಥದಲ್ಲಿ ಹೊಸ ಜನಪದ. ಇಂಥ ಗುಂಪುಗಳಿಗೆ ಅಡ್ಡಹೆಸರುಗಳಿವೆ, ನಡಿಗೆ ಮುಗಿದ ಮೇಲೆ ಕಾಫಿಗೆ ಗೊತ್ತಾದ ಜಾಗವಿದೆ, ಸರದಿಯಲ್ಲಿ ಹಣ ಕೊಡುವ ಕಟ್ಟಳೆಯಿದೆ, ಬೆಂಚಿನ ಮೇಲೆ ಹಕ್ಕು ಸ್ಥಾಪನೆಯೂ ಇದೆ. ಒಂದು ದಿನ ತಪ್ಪಿಸಿಕೊಂಡವರಿಗೆ ಮರುದಿನ ಎದುರಾಗುವುದು ‘ನಿನ್ನೆ ಬರಲೇ ಇಲ್ಲವಲ್ಲ ಸ್ವಾಮಿ’ ಎಂಬ ಮಾತು. ಕೇಳುವವರು ವೈದ್ಯರಲ್ಲ, ಒಡೆಯರಲ್ಲ. ನಿನ್ನೆ ಜೊತೆಯಿಲ್ಲದೆ ನಡೆದವರು. ಅದರಲ್ಲಿ ದೂರಿದೆ, ಆದರೆ ಮೈಗಳ್ಳ ಎಂಬ ಬೈಗುಳವಿಲ್ಲ. ನಿವೃತ್ತಿಯವರೆಗೆ ಯಾವ ಉಪದೇಶಕ್ಕೂ ಜಗ್ಗದವರು ಇಂಥ ಗುಂಪಿಗೆ ಸೇರಿ ವರ್ಷಗಟ್ಟಲೆ ನಡೆಯುವುದಕ್ಕೆ ಕಾರಣ ಹುಡುಕುವವರು ಅವರ ಸ್ವಸಾಮರ್ಥ್ಯದ ಅಂಕಗಳಿಗಿಂತ ಈ ಮಾತನ್ನು ಹೆಚ್ಚು ಎಚ್ಚರದಿಂದ ಕೇಳಿಸಿಕೊಳ್ಳಬೇಕು.

ಈ ಗುಂಪುಗಳಲ್ಲಿ ಯಾರಿದ್ದಾರೆ ಎಂದು ನೋಡಿದರೆ ಹಳೆಯ ಕಥೆಯೇ ಮರುಕಳಿಸುತ್ತದೆ. ಹೊಲವಿದ್ದವರಿಗೆ ಮಾತ್ರ ಮುಯ್ಯಾಳು ದೊರೆತಂತೆ, ಬೆಳಗಿನ ಬಿಡುವು ಇದ್ದವರಿಗೆ ಮಾತ್ರ ಕೆರೆಯ ಏರಿ. ಅದೇ ಹೊತ್ತಿನಲ್ಲಿ ಮನೆಮನೆಗೆ ಪಾತ್ರೆ ತೊಳೆಯಲು ಹೋಗುವವಳು ಅವರನ್ನು ದಾಟಿಕೊಂಡು ಹೋಗುತ್ತಾಳೆ. ಅವಳು ಬಾರದ ದಿನ ಕೇಳುವವರೂ ಇದ್ದಾರೆ, ಅವರು ಅವಳಿಗೆ ಸಂಬಳ ಕೊಡುವವರು. ಮಧ್ಯಮವರ್ಗದ ಗೃಹಿಣಿಗೆ ಬಿಡುವು ಸಿಗು‍ವುದು ಮಧ್ಯಾಹ್ನ. ಆಗ ಬಿಸಿಲು, ಉದ್ಯಾನದ ಬಾಗಿಲಿಗೂ ಎಷ್ಟೋ ಕಡೆ ಬೀಗ. ಶೇಕಡ 57 ಎಂಬ ಅಂಕಿಯ ಹಿಂದೆ ಇಂಥ ಹೊತ್ತುಗೊತ್ತಿನ ಸಂಗತಿಗಳಿವೆ.

ಕ್ಷೇತ್ರಕಾರ್ಯಕ್ಕೆ ಇಲ್ಲಿ ಕೆಲಸವಿದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ದೈಹಿಕ ಚಟುವಟಿಕೆಯ ಪ್ರಶ್ನಾವಳಿ ಮನುಷ್ಯನ ಅಲುಗಾಟವನ್ನು ಕೆಲಸ, ಪ್ರಯಾಣ, ಮನರಂಜನೆ ಎಂದು ಮೂರು ಭಾಗ ಮಾಡಿ ನಿಮಿಷಗಳಲ್ಲಿ ಎಣಿಸುತ್ತದೆ. ಕೂತ ಹೊತ್ತನ್ನು ಬೇರೆಯಾಗಿ ಕೇಳುತ್ತದೆ. ಜೊತೆಗೆ ಯಾರಿದ್ದರು, ಬಾರದ ದಿನ ಯಾರು ಕೇಳಿದರು ಎಂಬ ಪ್ರಶ್ನೆ ಅದರಲ್ಲಿಲ್ಲ. ಗರಡಿಯ ಉಸ್ತಾದನ ಬಳಿ, ಮಹಿಳಾ ಡೊಳ್ಳು ತಂಡದ ಅಭ್ಯಾಸದಲ್ಲಿ, ಪಾದಯಾತ್ರೆಯ ತಂಗುದಾಣದಲ್ಲಿ, ಉದ್ಯಾನದ ಬೆಂಚಿನಲ್ಲಿ ಈ ಎರಡು ಪ್ರಶ್ನೆಗಳನ್ನು ಹಿಡಿದು ಕೂರುವ ಅಧ್ಯಯನಕಾರನಿಗೆ ವರ್ತನಾ ವಿಜ್ಞಾನಿಗಳು ಸಂಗ್ರಹಿಸದ ಸಾಮಗ್ರಿ ದೊರೆಯುತ್ತದೆ. ಪ್ರಶ್ನಾವಳಿಯ ವರ್ಗೀಕರಣವೇ ಸಡಿಲವಾಗುವ ಸಂದರ್ಭಗಳೂ ಎದುರಾಗುತ್ತವೆ. ಬೀರಪ್ಪನ ಜಾತ್ರೆಯಲ್ಲಿ ಇರುಳಿಡೀ ಡೊಳ್ಳು ಬಾರಿಸಿದವನು ಆ ಹೊತ್ತನ್ನು ಕೆಲಸವೆಂದೂ ಹೇಳುವುದಿಲ್ಲ, ಪ್ರಯಾಣವೆಂದೂ ಹೇಳುವುದಿಲ್ಲ, ಮನರಂಜನೆಯೆಂದರೆ ಸಿಟ್ಟಾಗುತ್ತಾನೆ. ಅವನು ಸೇವೆ ಎನ್ನುತ್ತಾನೆ. ಎಣಿಕೆಗೆ ಬಂದವನು ಅದನ್ನು ಮೂರರಲ್ಲಿ ಯಾವುದಾದರೊಂದು ಕಾಲಂಗೆ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ.